36 ಇಲಿ, ಒಂದು ಲಕ್ಕಿ ಗಿಡ: ರಾಯಚೂರಿನ ಒಂದು ಫೈಲು

ಫೈಲು ನನ್ನ ಕೈಗೆ ಬಂದಿದ್ದು ಏಪ್ರಿಲ್ ಕೊನೆಯ ವಾರ. ರಾಯಚೂರಲ್ಲಿ ಆ ಹೊತ್ತಿಗೆ ಬೆಳಿಗ್ಗೆ ಹತ್ತಕ್ಕೇ ರಸ್ತೆ ಕಾದ ಹೆಂಚಿನ ಹಾಗೆ ಆಗಿರುತ್ತದೆ. ಒಂದು ಫಾರ್ಮಸಿ ಕಾಲೇಜಿನ ಎಂ.ಫಾರ್ಮ ವಿದ್ಯಾರ್ಥಿನಿಯ ಅರ್ಜಿ ಅದು. ಫಾರಂ ಬಿ ಅಂತಾರೆ. ಕೇಳಿದ್ದು 36 ವಿಸ್ಟಾರ್ ಇಲಿ, ಅಂದರೆ ಪ್ರಯೋಗಕ್ಕೆಂದೇ ಸಾಕುವ ಬಿಳಿ ಇಲಿ. ಲಕ್ಕಿ ಸೊಪ್ಪಿಗೆ ಊತ ಇಳಿಸುವ ಗುಣ ಇದೆಯಾ ಅಂತ ನೋಡುವುದು ಉದ್ದೇಶ.

ಪ್ರಾಣಿಗಳ ಮೇಲೆ ಪ್ರಯೋಗ ಮಾಡುವ ಸಂಸ್ಥೆಯಲ್ಲಿ ಪ್ರಾಣಿ ನೀತಿ ಸಮಿತಿ ಇರಬೇಕು. ಇಲಿ, ಸುಂಡಿಲಿಯಂಥ ಸಣ್ಣ ಪ್ರಾಣಿ ಆದರೆ ಆ ಸಮಿತಿಯೇ ಒಪ್ಪಿಗೆ ಕೊಡಬಹುದು. ನಾಯಿ, ಮಂಗ ಅಂದರೆ ಫೈಲು ದಿಲ್ಲಿಯ ಸಮಿತಿಗೆ ಹೋಗಬೇಕು. ನಾನು ಡಿಗ್ರಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತನಾದವನು. ಈ ಸಮಿತಿಯಲ್ಲಿ ‘ಸಂಸ್ಥೆಯ ಹೊರಗಿನ ವಿಜ್ಞಾನಿ’ ಅಂತ ಕೂರುತ್ತೇನೆ. ಕಾಲೇಜಿನ ಹೆಸರು, ಹುಡುಗಿಯ ಹೆಸರು ಇಲ್ಲಿ ಬೇಡ. ಈ ಫೈಲಿನಲ್ಲಿ ಆದದ್ದು ಎಷ್ಟೋ ಕಾಲೇಜುಗಳಲ್ಲಿ ಆಗುವಂಥದ್ದೇ. ಅದಕ್ಕೇ ಪೂರ್ತಿ ಬರೆಯುತ್ತಿದ್ದೇನೆ.

ಅರ್ಜಿಯಲ್ಲಿ ಇದ್ದದ್ದು

36ರ ಲೆಕ್ಕ ಹೀಗಿತ್ತು. ಸೊಪ್ಪಿನ ಸಾರ ವಿಷವಾಗುತ್ತದೆಯಾ ಅಂತ ನೋಡಲು ಮೊದಲು 6. ಆಮೇಲೆ ಆರಾರು ಇಲಿಗಳ ಐದು ಗುಂಪು. ಒಂದು ಗುಂಪಿಗೆ ಮದ್ದು ಇಲ್ಲ. ಒಂದಕ್ಕೆ ಊತ ಇಳಿಸುವ ಗೊತ್ತಿರುವ ಮದ್ದು, ಇಂಡೋಮೆಥಾಸಿನ್. ಉಳಿದ ಮೂರಕ್ಕೆ ಲಕ್ಕಿಯ ಸಾರ, ಮೂರು ಪ್ರಮಾಣದಲ್ಲಿ, ಬಾಯಿಂದ. ಬಾಯಿಂದ ಅಂದರೆ ಗಂಟಲಲ್ಲಿ ದುಂಡು ತುದಿಯ ಸೂಜಿ ಇಳಿಸಿ ನೇರ ಹೊಟ್ಟೆಗೆ. ಸ್ವಲ್ಪ ಹೊತ್ತು ಬಿಟ್ಟು ಹಿಂಗಾಲಿನ ಅಂಗಾಲಿಗೆ ಕ್ಯಾರಜೀನನ್ ಚುಚ್ಚಬೇಕು. ಅದು ಕಡಲ ಪಾಚಿಯಿಂದ ತೆಗೆಯುವ ಅಂಟು, ಐಸ್‌ಕ್ರೀಮಿಗೂ ಹಾಕುತ್ತಾರೆ. ಅಂಗಾಲಿನ ಚರ್ಮದ ಕೆಳಗೆ ಹೋದರೆ ಮಾತ್ರ ಕಾಲು ಕೆಂಪಗೆ ಊದುತ್ತದೆ. ಮೂರು ಗಂಟೆಯಿಂದ ಐದು ಗಂಟೆಯೊಳಗೆ ಊತ ಏರಬೇಕಾದಷ್ಟು ಏರುತ್ತದೆ. ಗಂಟೆ ಗಂಟೆಗೂ ಆ ಕಾಲನ್ನು ಪ್ಲೆಥಿಸ್ಮೋಮೀಟರಿನ ಕೊಳವೆಯಲ್ಲಿ ಅದ್ದಿ, ದ್ರವ ಎಷ್ಟು ಮೇಲೇರಿತು ಅಂತ ಬರೆದುಕೊಳ್ಳಬೇಕು. 1962ರಿಂದ ಈ ಪದ್ಧತಿ ನಡೆದು ಬಂದಿದೆ.

ಪ್ರಯೋಗ ಮುಗಿದ ಮೇಲೆ ಇಲಿಗಳನ್ನು ಏನು ಮಾಡುತ್ತೀರಿ ಅನ್ನುವ ಕಡೆ ‘ನಿಯಮದಂತೆ ವಿಲೇವಾರಿ’ ಅಂತಿತ್ತು. ಕೊಲ್ಲುತ್ತೇವೆ ಅಂತ ಬರೆಯಲು ಕೈ ಬಂದಿರಲಿಲ್ಲ.

ಪ್ರಾಣಿಗಳೇ ಯಾಕೆ ಬೇಕು ಅನ್ನುವ ಪ್ರಶ್ನೆಗೆ ಇಂಗ್ಲಿಷಿನಲ್ಲಿ ಒಂದೇ ಸಾಲಿನ ಉತ್ತರ. ಇದಕ್ಕೆ ಯಾವ ಪರ್ಯಾಯವೂ ಇಲ್ಲ ಅಂತ. ಆಲ್ಟರ್ನೇಟಿವ್ ಅನ್ನುವ ಪದದಲ್ಲಿ ಒಂದು ಅಕ್ಷರ ಬಿಟ್ಟುಹೋಗಿತ್ತು.

ಇಲಿ ಮನೆ

ಸಭೆಗೆ ಮುಂಚೆ ನಾನು ಅನಿಮಲ್ ಹೌಸ್ ನೋಡಿಯೇ ನೋಡುತ್ತೇನೆ. ಕಾಗದದಲ್ಲಿ ಇಲಿ ಬರೀ ಸಂಖ್ಯೆ. ಅಲ್ಲಿ ಹೋದರೆ ಅದು ಮೂಗು ಆಡಿಸುತ್ತ ನಿಮ್ಮನ್ನು ನೋಡುತ್ತದೆ.

ಕಾಲೇಜಿನ ಹಿಂದೆ ಎರಡು ಕೋಣೆ. ಪ್ಲಾಸ್ಟಿಕ್ ಕೇಜುಗಳು, ಮೇಲೆ ತಂತಿ ಜಾಲರಿ. ಕೆಳಗೆ ಭತ್ತದ ಹೊಟ್ಟು. ಹೊಟ್ಟು ಸಿಂಧನೂರು ಕಡೆಯ ರೈಸ್ ಮಿಲ್ಲಿನದು ಅಂತ ನೋಡಿಕೊಳ್ಳುವ ಹುಡುಗ ಹೇಳಿದ. ಅವನು ಒಂದು ಇಲಿಯನ್ನು ಎತ್ತಿ ಅಂಗೈ ಮೇಲೆ ಇಟ್ಟುಕೊಂಡ. ಅದು ಅವನ ತೋಳಿನ ಮೇಲೆ ಹತ್ತಿ ಮೊಣಕೈ ಮಡಿಕೆಯಲ್ಲಿ ಹೋಗಿ ಕೂತಿತು. ಅವನ ವಾಸನೆ ಅದಕ್ಕೆ ಗೊತ್ತು. ನಾನು ಕೈ ಚಾಚಿದರೆ ಹಿಂದೆ ಸರಿಯಿತು.

ಕೋಣೆ ಇಪ್ಪತ್ತೆರಡು ಡಿಗ್ರಿ ಆಸುಪಾಸು ಇರಬೇಕು ಅಂತ ಅವರ ಅರ್ಜಿಯಲ್ಲೇ ಇತ್ತು. ಗೋಡೆಯ ಥರ್ಮಾಮೀಟರ್ ಮೂವತ್ತೊಂದು ತೋರಿಸುತ್ತಿತ್ತು. ಎರಡು ಏಸಿಯಲ್ಲಿ ಒಂದು ನಡೆಯುತ್ತಿತ್ತು. ಕರೆಂಟ್ ಹೋದಾಗ ಏನು ಮಾಡ್ತೀಯಪ್ಪಾ ಅಂದೆ. ಕಿಟಕಿಗೆ ಒದ್ದೆ ಗೋಣಿಚೀಲ ಕಟ್ಟುತ್ತೇನೆ ಅಂದ. ಆ ಹುಡುಗನ ಮೇಲೆ ನನಗೆ ಗೌರವ ಬಂತು. ಇಲಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ಬಾಲದಿಂದ ಶಾಖ ಬಿಡುತ್ತದೆ. ಅದು ಸಾಲದಿದ್ದರೆ ಎಂಜಲನ್ನು ಮೈಗೆ ಸವರಿಕೊಳ್ಳುತ್ತದೆ. ಸೆಕೆಯಲ್ಲಿ ಬೆಂದ ಇಲಿಯ ಕಾಲಿನ ಊತ ಅಳೆದು ಲಕ್ಕಿ ಸೊಪ್ಪಿನ ಗುಣ ಹೇಳುತ್ತೇವೆ ಅಂದರೆ ಆ ಅಳತೆಯನ್ನು ನಂಬುವುದು ಹೇಗೆ? ಇಲಿಯ ಮೇಲಿನ ಕರುಣೆಯ ಮಾತು ಹಾಗಿರಲಿ, ವಿಜ್ಞಾನವೂ ಅಲ್ಲಿ ಕೆಟ್ಟುಹೋಗುತ್ತದೆ. ಇವೆರಡನ್ನು ಬೇರೆ ಬೇರೆ ಅಂತ ಮಾತಾಡುವವರನ್ನು ಕಂಡರೆ ನನಗೆ ಬೇಸರ.

ನಮ್ಮ ಜೊತೆ ಬಂದಿದ್ದ ಪಶುವೈದ್ಯರು ಒಂದು ಮಾತು ಹೇಳಿದರು. ಕೋಣೆ ಶಾಂತ ಇದೆ ಅಂತ ಇಲಿಗಳೂ ಶಾಂತ ಇವೆ ಅಂದುಕೊಳ್ಳಬಾರದು. ಹೆದರಿದ ಇಲಿ, ನೊಂದ ಇಲಿ ಕೂಗುವುದು ಸುಮಾರು 22 ಕಿಲೋಹರ್ಟ್ಜ್‌ನಲ್ಲಿ. ಮನುಷ್ಯರ ಕಿವಿ 20ಕ್ಕೇ ನಿಲ್ಲುತ್ತದೆ. ಅವು ಕೂಗುತ್ತಿದ್ದರೂ ನಮಗೆ ಕೇಳಿಸುವುದಿಲ್ಲ. ಅದಕ್ಕೇ ಮುಖ ನೋಡಿ ನೋವು ಅಳೆಯುವ ಪದ್ಧತಿ 2011ರಲ್ಲಿ ಬಂತು. ಕಣ್ಣು ಕಿರಿದಾಗುವುದು, ಮೂಗು ಕೆನ್ನೆ ಚಪ್ಪಟೆಯಾಗುವುದು, ಕಿವಿ ಮಡಚುವುದು, ಮೀಸೆ ನಿಲ್ಲುವ ರೀತಿ ಬದಲಾಗುವುದು. ಡಾಕ್ಟರು ಮೊಬೈಲಿನಲ್ಲಿ ಫೋಟೊ ತೋರಿಸಿದರು. ಮೂವತ್ತೆರಡು ವರ್ಷ ಪ್ರಾಣಿಶಾಸ್ತ್ರ ಕಲಿಸಿದ ನನಗೆ ಇಲಿಯ ಮುಖ ಓದಲು ಬರುತ್ತಿರಲಿಲ್ಲ.

ಸಭೆ

ಗೈಡ್ ಒಳ್ಳೆಯ ಮನುಷ್ಯ. ತಯಾರಾಗಿ ಬಂದಿದ್ದರು. ಅವರ ವಾದವನ್ನು ಹಗುರ ಮಾಡದೆ ಹೇಳುತ್ತೇನೆ, ಯಾಕೆಂದರೆ ಅದರಲ್ಲಿ ಹುರುಳಿತ್ತು.

‘ಸರ್, ಆಸ್ಪತ್ರೆಯಲ್ಲಿ ತೂಗುಹಾಕುವ ಆರ್‌ಎಲ್ ಬಾಟಲಿ ಎಲ್ಲಿಂದ ಬಂತು ಹೇಳ್ರಿ. ಕಪ್ಪೆಯಿಂದ ಬಂತು’ ಅಂದರು.

ನಿಜ. 1880ರ ದಶಕದಲ್ಲಿ ಲಂಡನ್ನಿನ ಡಾಕ್ಟರ್ ಸಿಡ್ನಿ ರಿಂಗರ್ ಕಪ್ಪೆಯ ಹೃದಯವನ್ನು ದೇಹದ ಹೊರಗೆ ಬಡಿಯುವಂತೆ ಇಡಲು ನೋಡುತ್ತಿದ್ದರು. ಬರೀ ಉಪ್ಪುನೀರಿನಲ್ಲಿ ಬಡಿತ ನಿಲ್ಲಬೇಕಿತ್ತು, ನಿಲ್ಲಲಿಲ್ಲ. ವಿಚಾರಿಸಿದರೆ ಸಹಾಯಕ ಭಟ್ಟಿ ಇಳಿಸಿದ ನೀರಿನ ಬದಲು ನಲ್ಲಿ ನೀರು ಬಳಸಿದ್ದ. ಆ ನೀರಿನಲ್ಲಿದ್ದ ಕ್ಯಾಲ್ಸಿಯಂ ಹೃದಯವನ್ನು ನಡೆಸುತ್ತಿತ್ತು. ಹೃದಯ ಬಡಿಯಲು ಕ್ಯಾಲ್ಸಿಯಂ ಬೇಕು ಅನ್ನುವುದು ಜಗತ್ತಿಗೆ ಗೊತ್ತಾಗಿದ್ದು ಹಾಗೆ. 1930ರ ದಶಕದಲ್ಲಿ ಅಮೆರಿಕದ ಮಕ್ಕಳ ಡಾಕ್ಟರ್ ಅಲೆಕ್ಸಿಸ್ ಹಾರ್ಟ್‌ಮನ್ ಅದಕ್ಕೆ ಲ್ಯಾಕ್ಟೇಟ್ ಸೇರಿಸಿದರು. ರಿಂಗರ್ ಲ್ಯಾಕ್ಟೇಟ್ ಆಯಿತು. ವಾಂತಿಭೇದಿಯಿಂದ ಬತ್ತಿದ ಎಷ್ಟು ಮಕ್ಕಳನ್ನು ಆ ಬಾಟಲಿ ಉಳಿಸಿದೆಯೋ, ಲೆಕ್ಕ ಇಟ್ಟವರಿಲ್ಲ.

ಬಾಟಲಿಯ ಮಾತು ಬಂದ ಕೂಡಲೇ ಸಮಿತಿಯ ಇನ್ನೊಬ್ಬ ಸದಸ್ಯೆ ತಲೆ ಎತ್ತಿದರು. ಅವರು ವಿಜ್ಞಾನದವರಲ್ಲ, ಮಹಿಳಾ ಸಂಘಗಳಲ್ಲಿ ಕೆಲಸ ಮಾಡುವವರು. ‘ಬಳ್ಳಾರಿಯಾಗ ಆಗಿದ್ದು ಅದೇ ಬಾಟಲಿ ಅಲ್ಲೇನ್ರಿ?’ ಅಂದರು.

ಕೋಣೆ ಗಪ್ಪಾಯಿತು. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ತಾಯಂದಿರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡಿದ್ದು ನಮ್ಮ ಕಡೆ ಯಾರೂ ಮರೆತಿಲ್ಲ. ಅನುಮಾನ ರಿಂಗರ್ ಲ್ಯಾಕ್ಟೇಟ್ ಬಾಟಲಿಗಳ ಮೇಲೆ ಬಂತು. ‘ಅದಕ್ಕೇ ಹೇಳೋದು, ಪ್ರಾಣಿ ಮ್ಯಾಲೆ ಪರೀಕ್ಷೆ ಬ್ಯಾಡ ಅಂದ್ರ ಹೆಂಗ?’ ಅಂತ ಕಾಲೇಜಿನ ಒಬ್ಬರು ಅಂದರು.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಲೇಬೇಕಾಯಿತು. ರಕ್ತನಾಳಕ್ಕೆ ಹೋಗುವ ದ್ರವದಲ್ಲಿ ಬ್ಯಾಕ್ಟೀರಿಯಾದ ವಿಷದ ಅಂಶ ಇದೆಯಾ ಅಂತ ಬ್ಯಾಚ್ ಬ್ಯಾಚಿಗೂ ನೋಡಬೇಕು. ಮೊದಲು ಅದನ್ನು ಮೂರು ಮೊಲಗಳ ಕಿವಿಯ ರಕ್ತನಾಳಕ್ಕೆ ಹಾಕಿ ಜ್ವರ ಬರುತ್ತದಾ ಅಂತ ನೋಡುತ್ತಿದ್ದರು. ಈಗ ಬಹುತೇಕ ಕಡೆ ಪ್ರಯೋಗಾಲಯದ ಕೊಳವೆಯಲ್ಲೇ ಎಲ್‌ಎಎಲ್ ಪರೀಕ್ಷೆ ಆಗುತ್ತದೆ. ಅದು ಮೊಲಕ್ಕಿಂತ ಸೂಕ್ಷ್ಮ, ಸಿಗುವುದು ಅಂಕಿಯ ಉತ್ತರ. ಔಷಧಗಳ ಗುಣಮಟ್ಟ ಹೇಳುವ ಸರ್ಕಾರಿ ಪುಸ್ತಕವಾದ ಭಾರತೀಯ ಫಾರ್ಮಕೋಪಿಯಾದ 2018ರ ಆವೃತ್ತಿಯಲ್ಲಿ ಚುಚ್ಚುಮದ್ದುಗಳ ಮೊಲದ ಪರೀಕ್ಷೆಯನ್ನು ತೆಗೆದು ಇಂಥ ಪರೀಕ್ಷೆ ತಂದರು. ಅಂದರೆ ಬಾಣಂತಿಯ ಜೀವ ಕಾಯುವ ಪರೀಕ್ಷೆಗೆ ಮೊಲವೇ ಬೇಕು ಅನ್ನುವಂತಿಲ್ಲ. ಬೇಕಾದದ್ದು ಪ್ರತಿ ಬ್ಯಾಚಿನ ಪರೀಕ್ಷೆ ಪ್ರಾಮಾಣಿಕವಾಗಿ ಆಗುವುದು. ಹಾಗಂತ ಎಲ್‌ಎಎಲ್ ಕೂಡ ಪೂರ್ತಿ ನಿರ್ದೋಷಿ ಅಲ್ಲ. ಅದನ್ನು ಮಾಡುವುದು ಕುದುರೆಲಾಳದ ಏಡಿಯ ನೀಲಿ ರಕ್ತದಿಂದ. ರಕ್ತ ತೆಗೆದು ಕಡಲಿಗೆ ಬಿಟ್ಟರೂ ಕೆಲವು ಸಾಯುತ್ತವೆ. ಈಗ ಆ ರಕ್ತವೂ ಬೇಡದ, ಪ್ರಯೋಗಾಲಯದಲ್ಲೇ ತಯಾರಾಗುವ ಬದಲಿ ಬಂದಿದೆ.

ಗೈಡ್ ಇನ್ನೊಂದು ಪ್ರಶ್ನೆ ಹಾಕಿದರು. ನಮ್ಮ ಕಡೆ ಗದ್ದೆಯಲ್ಲಿ ಹಾವು ಕಚ್ಚಿದರೆ ಕೊಡುವ ಔಷಧ ಕುದುರೆಯ ರಕ್ತದಿಂದ ಬರುತ್ತದೆ. ಅದರ ಬಲವನ್ನು ಸುಂಡಿಲಿಗಳ ಮೇಲೆ ನೋಡುತ್ತಾರೆ, ಅವು ಸಾಯುತ್ತವೆ. ‘ಅದನ್ನೂ ಬ್ಯಾಡ ಅಂತೀರೇನು?’

ಬೇಡ ಅನ್ನಲು ನನ್ನಿಂದ ಆಗಲಿಲ್ಲ. 2024ರಲ್ಲಿ ಕರ್ನಾಟಕ ಹಾವು ಕಡಿತವನ್ನು ಸರ್ಕಾರಕ್ಕೆ ವರದಿ ಮಾಡಲೇಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಭತ್ತದ ನಾಟಿ, ಕೊಯ್ಲಿನ ದಿನಗಳಲ್ಲಿ ನಮ್ಮ ತಾಲೂಕು ಆಸ್ಪತ್ರೆಗಳ ಮುಂದೆ ನಿಂತವರಿಗೆ ಅದರ ಅರ್ಥ ಗೊತ್ತು. ಆ ಸುಂಡಿಲಿಗಳ ಸಾವು ನನಗೆ ನೋವು ಕೊಡುತ್ತದೆ. ಆದರೂ ಇವತ್ತಿನ ದಿನ ಆ ಔಷಧ ಬೇಡ ಅಂತ ಯಾವ ತಾಯಿಗೂ ನಾನು ಹೇಳಲಾರೆ.

ಕಪ್ಪೆಗಳು

ಗೈಡ್ ಕಪ್ಪೆ ಅಂದಾಗಲೇ ನನ್ನ ಮನಸ್ಸು ಬೇರೆ ಕಡೆ ಹೋಗಿತ್ತು.

ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಬಿ.ಎಸ್ಸಿ. ಪ್ರಾಕ್ಟಿಕಲ್ ಅಂದರೆ ಕಪ್ಪೆ. ಮಳೆ ಬಿದ್ದ ಮೇಲೆ ತುಂಗಭದ್ರಾ ಎಡದಂಡೆ ಕಾಲುವೆಯ ಗದ್ದೆಗಳಿಂದ ಹುಡುಗರು ಚೀಲದಲ್ಲಿ ಹಿಡಿದು ತರುತ್ತಿದ್ದರು. ಕ್ಲೋರೋಫಾರ್ಮ್ ಹಾಕಿದ ಜಾಡಿ. ಮೇಣದ ಟ್ರೇ. ನಾಲ್ಕು ಕಾಲಿಗೆ ನಾಲ್ಕು ಗುಂಡುಪಿನ್ನು. ಹೊಟ್ಟೆ ಬಿಡಿಸಿದರೆ ಹೃದಯ ಇನ್ನೂ ಬಡಿಯುತ್ತಿರುತ್ತಿತ್ತು, ಕಡಲೆಕಾಳಿನಷ್ಟು ಗಾತ್ರ. ಹುಡುಗರು ‘ಸರ್, ಇನ್ನಾ ಜೀವ ಅದ ರೀ’ ಅನ್ನುತ್ತಿದ್ದರು. ರಕ್ತನಾಳದ ಚಿತ್ರ ಬರೀರಿ, ಟೈಮ್ ಆಗ್ತದ ಅನ್ನುತ್ತಿದ್ದೆ. ವರ್ಷಕ್ಕೆ ಐವತ್ತು, ಅರವತ್ತು ಕಪ್ಪೆ. ಎಷ್ಟೋ ವರ್ಷ. ಅಷ್ಟು ಕಪ್ಪೆಗಳಲ್ಲಿ ಒಂದಾದರೂ ಪಠ್ಯಪುಸ್ತಕದಲ್ಲಿ ಇಲ್ಲದ್ದನ್ನು ನಮಗೆ ತೋರಿಸಲಿಲ್ಲ. ತೋರಿಸಲಿ ಅಂತ ನಾವು ಕೇಳಿಯೂ ಇರಲಿಲ್ಲ.

2011ರಲ್ಲಿ ಯುಜಿಸಿ ಇದನ್ನು ಹಂತ ಹಂತವಾಗಿ ಕಡಿಮೆ ಮಾಡಿ ಅಂತ ಸೂಚನೆ ಕೊಟ್ಟಿತು. 2014ರಲ್ಲಿ ನಿಲ್ಲಿಸಿ ಅಂದಿತು. ನಾವು ಕಂಪ್ಯೂಟರಿನಲ್ಲಿ, ಮಾದರಿಗಳಲ್ಲಿ ತೋರಿಸಲು ಶುರು ಮಾಡಿದೆವು. ಹುಡುಗರು ಕಲಿಯುವುದು ಅದರಿಂದ ಕಡಿಮೆಯಾಗಿದ್ದನ್ನು ನಾನು ಕಾಣಲಿಲ್ಲ. ಬಿ.ಫಾರ್ಮದಲ್ಲೂ ಈಗ ಪ್ರಾಣಿ ಪ್ರಯೋಗಗಳನ್ನು ಸಾಫ್ಟ್‌ವೇರ್, ವಿಡಿಯೊ ಮೂಲಕವೇ ತೋರಿಸಬೇಕು ಅಂತ ಪಠ್ಯಕ್ರಮ ಹೇಳುತ್ತದೆ.

ರಿಂಗರ್ ಕಪ್ಪೆಗೂ ನನ್ನ ಕಪ್ಪೆಗೂ ಏನು ವ್ಯತ್ಯಾಸ? ರಿಂಗರ್ ಕೇಳಿದ ಪ್ರಶ್ನೆಗೆ ಉತ್ತರ ಯಾರಿಗೂ ಗೊತ್ತಿರಲಿಲ್ಲ. ನನ್ನ ಪ್ರಶ್ನೆಗೆ ಉತ್ತರ ಮೇಜಿನ ಮೇಲಿದ್ದ ಪುಸ್ತಕದಲ್ಲೇ ಇತ್ತು.

ಸಭೆಯಲ್ಲಿ ನಾನು ಇದನ್ನೇ ಹೇಳಿದೆ. ಆಮೇಲೆ ಕಾನೂನಿನ ಪುಸ್ತಕ ತೆಗೆದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 14ನೇ ಕಲಂ ಪ್ರಾಣಿಗಳ ಮೇಲಿನ ಪ್ರಯೋಗಕ್ಕೆ ಅವಕಾಶ ಕೊಡುತ್ತದೆ. ಆದರೆ ಸುಮ್ನೆ ಕೊಡುವುದಿಲ್ಲ. ‘ಹೊಸ ಶೋಧದಿಂದ’ ಜ್ಞಾನ ಬೆಳೆಯಬೇಕು ಅಂತ ಹೇಳುತ್ತದೆ, ಇಲ್ಲವೇ ಜೀವ ಉಳಿಸಲು, ನೋವು ಕಳೆಯಲು, ರೋಗ ತಡೆಯಲು ನೆರವಾಗುವ ತಿಳಿವಳಿಕೆ ಸಿಗಬೇಕು. 17ನೇ ಕಲಂ ಇನ್ನೂ ಮುಂದೆ ಹೋಗುತ್ತದೆ. ಪುಸ್ತಕ, ಮಾದರಿ, ಫಿಲ್ಮಿನಿಂದ ಕಲಿಸಲು ಆಗುವ ಕಡೆ ಪ್ರಯೋಗ ಬೇಡ, ಬರೀ ಕೈ ಪಳಗಿಸಿಕೊಳ್ಳಲು ಆದಷ್ಟು ಪ್ರಯೋಗ ಮಾಡಬೇಡಿ ಅನ್ನುತ್ತದೆ. 1960ರಲ್ಲಿ ಬರೆದ ಮಾತು! ಅದಕ್ಕೆ ಒಂದು ವರ್ಷ ಮೊದಲು, 1959ರಲ್ಲಿ, ಇಂಗ್ಲೆಂಡಿನಲ್ಲಿ ರಸೆಲ್ ಮತ್ತು ಬರ್ಚ್ ಮೂರು ಮಾತು ಹೇಳಿದ್ದರು. ಪ್ರಾಣಿಯ ಬದಲು ಬೇರೆ ದಾರಿ ಹುಡುಕು, ಆಗದಿದ್ದರೆ ಸಂಖ್ಯೆ ಇಳಿಸು, ಉಳಿದವಕ್ಕೆ ನೋವು ತಗ್ಗಿಸು. ಭಾರತ ಅದಕ್ಕೆ ನಾಲ್ಕನೆಯದನ್ನು ಸೇರಿಸಿತು, ಬಳಸಿದ ಪ್ರಾಣಿಗೆ ಪುನರ್ವಸತಿ ಕೊಡು ಅಂತ. ಮಾತಿಗೆ ನಮ್ಮಲ್ಲಿ ಯಾವತ್ತೂ ಬರ ಇರಲಿಲ್ಲ.

ಅಜ್ಜಿಯ ಪ್ರಶ್ನೆ

ಹುಡುಗಿಯನ್ನು ಒಳಗೆ ಕರೆದೆವು. ಮಸ್ಕಿ ಹತ್ತಿರದ ಹಳ್ಳಿಯವಳು. ಅಪ್ಪನಿಗೆ ನಾಲ್ಕು ಎಕರೆ ಹೊಲ. ಮನೆಯಲ್ಲಿ ಇಷ್ಟು ಓದಿದವಳು ಇವಳೇ ಮೊದಲು. ನಿಂತೇ ಇದ್ದಳು. ಕೂಡವ್ವ ಅಂತ ಆ ಮಹಿಳಾ ಸದಸ್ಯೆಯೇ ಕೂರಿಸಿದರು.

‘ಈ ಸೊಪ್ಪನ್ನೇ ಯಾಕ ಹಿಡದಿ?’

‘ನಮ್ಮ ಅಜ್ಜಿ ಮೊಣಕಾಲಿಗೆ ಕಟ್ಟಿಕೊಳ್ತಾಳ್ರಿ ಮೇಡಂ. ಹಳ್ಳದ ದಂಡಿ ಮ್ಯಾಲೆ ಬೆಳೀತದ. ಹಂಚಿನ ಮ್ಯಾಲೆ ಬಿಸಿ ಮಾಡಿ, ಹಳೇ ಸೀರಿ ಅರಿವ್ಯಾಗ ಸುತ್ತಿ ಕಟ್ಟಿಕೊಳ್ತಾಳ. ಬೆಳಗಿನ್ಯಾಗ ಬಾವು ಇಳದಿರ್ತದ ಅಂತಾಳ.’

‘ಕುಡೀತಾಳೇನು?’

‘ಇಲ್ರೀ. ಕಟ್ಟೋದು ಅಷ್ಟೇ.’

‘ಮತ್ತ ನೀನು ಇಲಿಗೆ ಕುಡಸ್ತಿಯಲ್ಲ?’

ಹುಡುಗಿ ಗೈಡ್ ಮುಖ ನೋಡಿದಳು. ಗೈಡ್ ಫೈಲು ನೋಡಿದರು. ನಾವು ಇಷ್ಟು ಜನ ಓದಿದವರು ಹನ್ನೆರಡು ಪುಟ ಓದಿ ಕಾಣದ್ದನ್ನು ಆ ಹೆಣ್ಣುಮಗಳು ಒಂದು ಮಾತಿನಲ್ಲಿ ಕಂಡರು. ಅಜ್ಜಿ ಮಾಡುವುದು ಬಿಸಿ ಸೊಪ್ಪಿನ ಪಟ್ಟಿ, ಹೊರಗಿನಿಂದ. ಅರ್ಜಿಯಲ್ಲಿ ಇದ್ದದ್ದು ಸಾರ, ಹೊಟ್ಟೆಯ ಒಳಗೆ. ಅಜ್ಜಿಯ ಹೆಸರು ಹೇಳಿ ಬೇರೆಯೇ ಪ್ರಶ್ನೆ ಕೇಳುತ್ತಿದ್ದೆವು.

ಆ ಬೇರೆ ಪ್ರಶ್ನೆಗೆ ಉತ್ತರ ಆಗಲೇ ಇತ್ತು. ಹಿಂದಿನ ರಾತ್ರಿ ನಾನು ಹುಡುಕಿದ್ದೆ. ಲಕ್ಕಿ ಅಂದರೆ ಆಯುರ್ವೇದದ ನಿರ್ಗುಂಡಿ. 2003ರಲ್ಲೇ ಶ್ರೀಲಂಕಾದವರು ಅದರ ಎಲೆಯ ನೀರಿನ ಸಾರವನ್ನು ಇಲಿಗಳಿಗೆ ಬಾಯಿಂದ ಕೊಟ್ಟು, ಇದೇ ಕ್ಯಾರಜೀನನ್ ಪದ್ಧತಿಯಲ್ಲಿ ಊತ ಇಳಿಯುವುದನ್ನು ತೋರಿಸಿದ್ದರು. ಅದರ ಹಿಂದೆ ಮುಂದೆಯೂ ಇಂಥ ಕೆಲಸ ಬೇಕಾದಷ್ಟಿದೆ. ನಮ್ಮ 36 ಇಲಿ ಆ ಸಾಲಿಗೆ ಇನ್ನೊಂದು ಸೇರ್ಪಡೆ. ಹುಡುಗಿಗೆ ಡಿಗ್ರಿ ಸಿಗುತ್ತದೆ. ಊತದ ಬಗ್ಗೆ ಯಾರಿಗೂ ಹೊಸದೇನೂ ತಿಳಿಯುವುದಿಲ್ಲ.

ಇದರಲ್ಲಿ ಹುಡುಗಿಯ ತಪ್ಪಿಲ್ಲ. ಇದನ್ನು ಜೋರಾಗಿ ಹೇಳಬೇಕು. ಇಲಿ ಪ್ರಯೋಗ ಇಲ್ಲದಿದ್ದರೆ ಪ್ರಬಂಧಕ್ಕೆ ತೂಕ ಇಲ್ಲ, ಜರ್ನಲಿನವರು ಮುಟ್ಟುವುದಿಲ್ಲ ಅಂತ ಅವಳಿಗೆ ಹೇಳಿದವರು ದೊಡ್ಡವರು. ಹಿಂದಿನ ವರ್ಷದ ಫೈಲು ಕೊಟ್ಟು ಗಿಡದ ಹೆಸರು ಬದಲಾಯಿಸು ಅಂದವರೂ ದೊಡ್ಡವರೇ. ಅವಳು ಹೇಳಿದಂತೆ ಕೇಳಿದ್ದಳು.

ನಾವು ಹೇಳಿದ್ದು, ಅವಳು ಮಾಡಿದ್ದು

ಸಮಿತಿ ಅರ್ಜಿಯನ್ನು ತಳ್ಳಿಹಾಕಲಿಲ್ಲ. ವಾಪಸ್ ಕೊಟ್ಟಿತು. ವಿಷ ಪರೀಕ್ಷೆಯ 6 ಇಲಿಗಳನ್ನು ಕೈಬಿಡಿ, ಈ ಗಿಡದ ಬಗ್ಗೆ ಆಗಲೇ ಮಾಹಿತಿ ಇದೆ ಅಂದೆವು. ಮೊದಲ ಹಂತ ಪ್ರಾಣಿ ಇಲ್ಲದೆ ಆಗಲಿ. ಅದು ಮುಗಿದು, ಇಲಿ ಇಲ್ಲದೆ ತಿಳಿಯಲಾಗದ ಪ್ರಶ್ನೆ ಉಳಿದರೆ ಆಗ ಬನ್ನಿ. ಗೈಡ್ ಖುಷಿಯಿಂದ ಒಪ್ಪಲಿಲ್ಲ. ಅವರ ಆಕ್ಷೇಪಣೆ ದಾಖಲಾಗಲಿ ಅಂದರು, ದಾಖಲಿಸಿದೆವು. ‘ಕೊಳವೆಯಲ್ಲಿ ಲಿವರ್ ಇಲ್ಲ, ಕಿಡ್ನಿ ಇಲ್ಲ. ಇಡೀ ದೇಹದಲ್ಲಿ ಏನಾಗುತ್ತದೆ ಅಂತ ಜೀವಕೋಶ ಹೇಳುವುದಿಲ್ಲ’ ಅನ್ನುವುದು ಅವರ ಮಾತು. ಅದು ಸುಳ್ಳಲ್ಲ.

ಅವಳು ಮೊದಲು ಮಾಡಿದ್ದು ಕೋಳಿ ಮೊಟ್ಟೆಯ ಬಿಳಿಯ ಪರೀಕ್ಷೆ. ಬಿಸಿ ಮಾಡಿದಾಗ ಅದು ಗಟ್ಟಿಯಾಗುವುದನ್ನು ಸೊಪ್ಪಿನ ಸಾರ ತಡೆಯುತ್ತದೆಯಾ ಅಂತ. ಸುಲಭ, ಅಗ್ಗ, ಎಲ್ಲ ಕಾಲೇಜುಗಳೂ ಮಾಡುತ್ತವೆ. ನನಗೆ ಅದರ ಮೇಲೆ ಜಾಸ್ತಿ ನಂಬಿಕೆ ಇಲ್ಲ. ಮೊಟ್ಟೆಯ ಬಿಳಿಗೂ ಅಜ್ಜಿಯ ಮೊಣಕಾಲಿಗೂ ಬಹಳ ದೂರ. ಪ್ರಾಣಿ ಇಲ್ಲ ಅನ್ನುವ ಒಂದೇ ಕಾರಣಕ್ಕೆ ಒಂದು ಪರೀಕ್ಷೆ ಒಳ್ಳೆಯದಾಗಿಬಿಡುವುದಿಲ್ಲ.

ನನಗೆ ಮನಸ್ಸಿಗೆ ಹಿಡಿದದ್ದು ಫ್ರಾನ್ಜ್ ಕೋಶದ ಕೆಲಸ. ಅದು ಎರಡು ಭಾಗದ ಗಾಜಿನ ಪಾತ್ರೆ. ನಡುವೆ ಚರ್ಮದ ತುಂಡು ಇಟ್ಟು ಬಿಗಿಯಬೇಕು. ಮೇಲೆ ಸೊಪ್ಪಿನ ಲೇಪ, ಕೆಳಗೆ ಉಪ್ಪುನೀರು. ಕೆಳಗಿನ ನೀರಿಗೆ ಎಷ್ಟು ಇಳಿಯಿತು ಅಂತ ಗಂಟೆಗೊಮ್ಮೆ ತೆಗೆದು ನೋಡಬೇಕು. ಚರ್ಮಕ್ಕೆ ಅವಳು ಮಟನ್ ಅಂಗಡಿಗೆ ಹೋದಳು. ಆಡಿನ ಕಿವಿ ಕೇಳಿದಳು. ಅಂಗಡಿಯವರು ದುಡ್ಡು ತಗೊಳ್ಳಲಿಲ್ಲವಂತೆ. ನಾನು ಒಂದು ದಿನ ಲ್ಯಾಬಿಗೆ ಹೋದಾಗ ಅವಳು ಕೂದಲು ತೆಗೆದ ಚರ್ಮವನ್ನು ಬೆಳಕಿಗೆ ಹಿಡಿದು ತೂತು ಇದೆಯಾ ಅಂತ ನೋಡುತ್ತಿದ್ದಳು. ಒಂದು ತೂತು ಇದ್ದರೂ ಇಡೀ ದಿನದ ಲೆಕ್ಕ ಹಾಳು. ಲೇಪವನ್ನು ಒಮ್ಮೆ ತಣ್ಣಗೆ, ಒಮ್ಮೆ ಅಜ್ಜಿ ಕಟ್ಟಿಕೊಳ್ಳುವಷ್ಟು ಬಿಸಿಯಾಗಿ ಇಟ್ಟು ನೋಡುತ್ತಿದ್ದಳು. ಆ ಬಿಸಿ ಎಷ್ಟು ಅಂತ ತಿಳಿಯಲು ರಜೆಯಲ್ಲಿ ಊರಿಗೆ ಥರ್ಮಾಮೀಟರ್ ಒಯ್ದು ಅಜ್ಜಿಯ ಪಟ್ಟಿಯ ಒಳಗೇ ಇಟ್ಟು ಅಳೆದಿದ್ದಳು. ನೋಡಿ, ಇದು ಸಂಶೋಧನೆ ಅಲ್ವಾ? ಮೊದಲ ಅರ್ಜಿ ತಂದಾಗ ಅವಳ ಮುಖದಲ್ಲಿ ಇರದಿದ್ದ ಏನೋ ಒಂದು ಆವತ್ತು ಇತ್ತು.

ಜೀವಕೋಶದ ಪರೀಕ್ಷೆಯನ್ನು ಬೆಂಗಳೂರಿನ ಒಂದು ಲ್ಯಾಬಿಗೆ ಕೊಟ್ಟರು. ಕೇಳುವ ಹಣ ಒಬ್ಬ ರೈತನ ಮಗಳಿಗೆ ಹಗುರವಲ್ಲ. ಪರ್ಯಾಯ, ಪರ್ಯಾಯ ಅಂತ ನಮ್ಮಂಥವರು ಭಾಷಣ ಮಾಡುತ್ತೇವೆ. ಆದರೆ ರಾಯಚೂರಿನ ಕಾಲೇಜಿನಲ್ಲಿ ಇಲಿ ಕೈಗೆ ಸಿಗುತ್ತದೆ, ಜೀವಕೋಶ ಬೆಳೆಸುವ ಲ್ಯಾಬ್ ಸಿಗುವುದಿಲ್ಲ. ಕಾಲೇಜು ಅರ್ಧ ಖರ್ಚು ಕೊಟ್ಟಿತು, ಅದೂ ಮೂರು ಸಲ ಕೇಳಿದ ಮೇಲೆ. ಅಲ್ಲಿ ಬಳಸಿದ್ದು ರಾ 264.7 ಅನ್ನುವ ಕೋಶಗಳು, ಮೂಲತಃ ಸುಂಡಿಲಿಯವೇ, ದಶಕಗಳಿಂದ ಪ್ರಯೋಗಾಲಯದಲ್ಲಿ ಬೆಳೆಯುತ್ತಿವೆ. ಅವನ್ನು ಬೆಳೆಸಲು ಹಾಕುವ ಸೀರಮ್ ಹುಟ್ಟದ ಕರುವಿನ ರಕ್ತದಿಂದ ಬರುತ್ತದೆ. ಹುಡುಗಿಗೆ ಇದನ್ನು ಹೇಳಿದಾಗ ಬಹಳ ಹೊತ್ತು ಸುಮ್ಮನಿದ್ದಳು. ‘ಮತ್ತ ಇದೂ ಪ್ರಾಣಿದೇ ಆಯ್ತಲ್ರಿ ಸರ್’ ಅಂದಳು. ಹೌದವ್ವ ಅಂದೆ. ಪ್ರಬಂಧದಲ್ಲಿ ಅದನ್ನೂ ಬರಿ ಅಂದೆ. ಬರೆದಿದ್ದಾಳೆ.

ಎರಡನೇ ಸಭೆಗೆ ಅವಳು ಬಂದಾಗ ಒಂದು ಪ್ರಶ್ನೆ ಉಳಿದಿತ್ತು. ಅಜ್ಜಿಯ ಬಾವು ಇಳಿಯುವುದು ಸೊಪ್ಪಿನಿಂದಲೋ, ಬಿಸಿಯಿಂದಲೋ? ಇದಕ್ಕೆ ಗೈಡ್ 12 ಇಲಿ ಸಾಕು ಅಂದರು. ಆರಕ್ಕೆ ಬಿಸಿ ಸೊಪ್ಪು, ಆರಕ್ಕೆ ಬರೀ ಬಿಸಿ ಬಟ್ಟೆ. 36ರಿಂದ 12ಕ್ಕೆ ಇಳಿಸಿದ್ದರು. ಪ್ರಾಮಾಣಿಕ ಯೋಜನೆ. ನಾನು ಸಹಿ ಹಾಕಲು ಪೆನ್ನು ತೆಗೆದಿದ್ದೆ.

ಹುಡುಗಿಯೇ ಬೇಡ ಅಂದಳು. ಊರಿನಲ್ಲಿ ಅಜ್ಜಿಗೆ ಇದನ್ನೆಲ್ಲ ವಿವರಿಸಿದ್ದಳಂತೆ. ಅಜ್ಜಿ ಕೇಳಿದ್ದು ಇಷ್ಟೇ: ‘ಇಲಿ ಕಾಲು ಯಾಕ ಊದಿಸ್ತೀ? ಊದಿದ ಕಾಲು ಊರ ತುಂಬ ಅದಾವಲ್ಲ.’

ಪಶುವೈದ್ಯರು ಮೊದಲು ನಕ್ಕರು, ಆಮೇಲೆ ಗಂಭೀರರಾದರು. ಮಾತು ಸರಿಯಾಗಿತ್ತು. ಸೊಪ್ಪು ತಲೆತಲಾಂತರದಿಂದ ಕಟ್ಟುತ್ತಿರುವಂಥದ್ದು. ಮೊಣಕಾಲು ನೋವಿನ ಹಿರಿಯರನ್ನು ಕೇಳಿ, ಒಪ್ಪಿದವರಲ್ಲಿ ಅರ್ಧ ಜನಕ್ಕೆ ಬಿಸಿ ಸೊಪ್ಪು, ಅರ್ಧ ಜನಕ್ಕೆ ಬಿಸಿ ಬಟ್ಟೆ ಕಟ್ಟಿ ನೋಡಬಹುದು. ಸಾಕಾದರೆ ಅವರು ಬಿಚ್ಚಿ ಒಗೆಯಬಹುದು. ಇಲಿಗೆ ಆ ಹಕ್ಕಿಲ್ಲ. ನೋವು ಎಷ್ಟು ಕಡಿಮೆಯಾಯಿತು ಅಂತ ಅವರೇ ಬಾಯಿಬಿಟ್ಟು ಹೇಳುತ್ತಾರೆ, ಪ್ಲೆಥಿಸ್ಮೋಮೀಟರ್ ಬೇಕಿಲ್ಲ.

ಇದಕ್ಕೆ ಮನುಷ್ಯರ ಮೇಲಿನ ಸಂಶೋಧನೆಯ ನೀತಿ ಸಮಿತಿ ಒಪ್ಪಬೇಕು. ಅದು ಬೇರೆ ಸಮಿತಿ. ಕಾಗದ ಅಲ್ಲಿಗೆ ಹೋಯಿತು. ಅಲ್ಲಿ ಪ್ರಶ್ನೆಗಳು ಬಂದವು, ಉತ್ತರ ಹೋದವು, ಮತ್ತೆ ಪ್ರಶ್ನೆ ಬಂದವು. ಅಷ್ಟರಲ್ಲಿ ಅವಳ ಕೋರ್ಸಿನ ಅವಧಿ ಮುಗಿಯಿತು. ಫ್ರಾನ್ಜ್ ಕೋಶ, ಜೀವಕೋಶದ ಫಲಿತಾಂಶಗಳ ಮೇಲೆಯೇ ಪ್ರಬಂಧ ಬರೆದು ಒಪ್ಪಿಸಿದಳು. ವೈವಾದಲ್ಲಿ ಪರೀಕ್ಷಕರು ಮೊದಲು ಕೇಳಿದ್ದೇ ‘ಇಲಿ ಕೆಲಸ ಎಲ್ಲಮ್ಮ?’ ಅಂತ. ಅವಳು 2023ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಹೊಸ ಔಷಧಗಳ ನಿಯಮಕ್ಕೆ ಮಾಡಿದ ತಿದ್ದುಪಡಿ ಹೇಳಿದಳಂತೆ. ಹೊಸ ಔಷಧದ ಪರೀಕ್ಷೆಗೇ ಪ್ರಾಣಿಯಿಲ್ಲದ ವಿಧಾನಗಳನ್ನು ಒಪ್ಪಬಹುದು ಅಂತ ಅದು ಹೇಳುತ್ತದೆ. ಪಾಸಾದಳು. ನಂಬರ್ ಅವಳ ಗೆಳತಿಯರಿಗಿಂತ ಸ್ವಲ್ಪ ಕಡಿಮೆ ಬಂದಿದೆ. ಅದು ನನ್ನನ್ನು ಈಗಲೂ ಕೊರೆಯುತ್ತದೆ. ನೀತಿಯ ಮಾತಾಡಿದ್ದು ನಾವು, ಬೆಲೆ ಕೊಟ್ಟಿದ್ದು ಆ ಹುಡುಗಿ.

ಇಲಿ ಮನೆಯ ಎರಡನೇ ಏಸಿ ರಿಪೇರಿ ಆಗಿದೆ. ಹೊಸ ಪ್ರಯೋಗ ಇಲ್ಲದ ತಿಂಗಳುಗಳಲ್ಲಿ ಗಂಡು ಹೆಣ್ಣು ಇಲಿಗಳನ್ನು ಬೇರೆ ಇಡಿ ಅಂತ ಪಶುವೈದ್ಯರು ಬರೆಸಿದ್ದಾರೆ. ಬೇಡದೆ ಹುಟ್ಟುವ ಮರಿಗಳನ್ನು ಆಮೇಲೆ ಕೊಲ್ಲುವ ಲೆಕ್ಕ ಯಾವ ಪ್ರಬಂಧದಲ್ಲೂ ಬರುವುದಿಲ್ಲ.

ಹೋದ ವಾರ ಇನ್ನೊಂದು ಫೈಲು ಬಂತು. ಬೇರೆ ವಿದ್ಯಾರ್ಥಿ, ಬೇರೆ ಗಿಡ, 42 ಇಲಿ. ನೇರವಾಗಿ ಆ ಪುಟಕ್ಕೆ ಹೋದೆ. ಪ್ರಾಣಿಗಳೇ ಯಾಕೆ ಬೇಕು? ಅದೇ ಒಂದು ಸಾಲು. ಆಲ್ಟರ್ನೇಟಿವ್‌ನಲ್ಲಿ ಅದೇ ಅಕ್ಷರ ಬಿಟ್ಟುಹೋಗಿತ್ತು. ಮೊದಲ ಪುಟದಲ್ಲಿ ಹುಡುಗನ ಫೋನ್ ನಂಬರ್ ಇತ್ತು. ಊರಿಗೆ ಹೋಗುವ ಬಸ್ಸಿನಲ್ಲಿದ್ದ, ಸರಿಯಾಗಿ ಕೇಳಿಸುತ್ತಿರಲಿಲ್ಲ. ಸೋಮವಾರ ಮನೆಗೆ ಬಾರಪ್ಪಾ, ಕೂತು ಮಾತಾಡೋಣ ಅಂದೆ. ಗಿಡದ ಒಂದು ಟೊಂಗೆ ತಗೊಂಡು ಬಾ ಅಂದೆ.